ಮುಂಜಾನಿ ಬಾರದ ಮೇಲ್ ಸಂಜಿಗಿ ಬರ್ತಾವ, ಏನಿದು?

ಪ್ರಶ್ನೆ (ಲೆಕ್ಕ ಬರೆಯುವವರು, ಕಲಬುರಗಿ):
ಕಂಪ್ಯೂಟರ್ ರಿಪೇರಿ ಅಣ್ಣಾರಿಗಿ ಒಂದು ಕೇಳೋದದ. ನಾ ಒಂದು ದಾಲ್ ಮಿಲ್ಲಿನ ಲೆಕ್ಕ ನೋಡ್ತೀನಿ, ಮನ್ಯಾಗ ಕೂತೇ ಕೆಲಸ. ಹಳೇ ಡೆಸ್ಕ್‌ಟಾಪ್, ವಿಂಡೋಸ್ 10, ಮೇಲಿಗಿ ಥಂಡರ್‌ಬರ್ಡ್. ಮಿಲ್ಲಿನ ಹೆಸರಿನ ಐಡಿ, ಪಾಪ್ ಅಕೌಂಟ್. ಮುಂಜಾನಿ ತೆರದ್ರ ಹೊಸ ಮೇಲ್ ಬರಂಗಿಲ್ಲ, ಸರ್ಟಿಫಿಕೇಟ್ ಸರಿ ಇಲ್ಲ ಅಂತ ಒಂದು ಡಬ್ಬಿ ಬರ್ತದ. ಅದರಾಗಿನ ಸೆಕ್ಯುರಿಟಿ ಎಕ್ಸೆಪ್ಷನ್ ಬಟನ್ ಒತ್ತಿದ್ರ ಬರ್ತಾವ. ಸಂಜಿಗಿ ಯಾವ ತಕರಾರೂ ಇಲ್ಲ. ಫೋನಿನ್ಯಾಗಂತೂ ಯಾವಾಗ್ಲೂ ಬರ್ತಾವ. ಇನ್ನೊಂದು ತಲಿನೋವು: ಚೆನ್ನೈ ಪಾರ್ಟಿಗಿ ಕಳಿಸಿದ ತೊಗರಿಬ್ಯಾಳಿ ಬಿಲ್ ಬಂದೇ ಇಲ್ಲ ಅಂದ್ರು. ಹುಡುಕಿದ್ರ ಅವರ ಇನ್‌ಬಾಕ್ಸಿನ ತಳಕ್ಕ, 2016ರ ಮೇಲುಗಳ ನಡುವ ಕೂತಿತ್ತಂತ.

ಒಬ್ಬ ಸದಸ್ಯ:
ಥಂಡರ್‌ಬರ್ಡ್ ಕರಪ್ಟ್ ಆಗ್ಯಾದ ಸರ್. ಫಾರ್ಮ್ಯಾಟ್ ಹೊಡದು ಹೊಸದಾಗಿ ಹಾಕಸ್ರಿ.

ಉತ್ತರ (ಕಂಪ್ಯೂಟರ್ ರಿಪೇರಿ):
ಕಾಕಾ, ಫಾರ್ಮ್ಯಾಟ್ ಮಾತ್ರ ಹೊಡಸಬ್ಯಾಡ್ರಿ. ನಿಮ್ಮದು ಪಾಪ್ ಅಂತೀರಿ. ಅಂದ್ರ ಹಳೇ ಮೇಲೆಲ್ಲ ನಿಮ್ಮ ಡಿಸ್ಕಿನ್ಯಾಗ ಅವ, ಸರ್ವರಿನ್ಯಾಗ ಉಳದಾವೋ ಇಲ್ಲೋ ಗ್ಯಾರಂಟಿ ಇಲ್ಲ. ಥಂಡರ್‌ಬರ್ಡ್ ಬರೇ ತಗದು ಹಾಕಿದ್ರ ಮೇಲ್ ಹೋಗಂಗಿಲ್ಲ, ಡಿಸ್ಕ್ ಫಾರ್ಮ್ಯಾಟ್ ಆದ್ರ ವರ್ಷಾನುಗಟ್ಟಲೆ ಬಿಲ್ ಹೋಗ್ತಾವ. ಮೊದಲು ಮೂರು ಮಾತು ಹೇಳ್ರಿ. ಮುಂಜಾನಿ ಪರದಿ ಮ್ಯಾಲ ಬಲಕ್ಕ ಕೆಳಗ ಯಾವ ತಾರೀಖು ಇರ್ತದ? ಚಾಲೂ ಮಾಡುವಾಗ ಕರಿ ಪರದಿ ಮ್ಯಾಲ ಎಫ್1 ಒತ್ತು ಅಂತದೇನು? ರಾತ್ರಿ ಗ್ವಾಡಿ ಬೋರ್ಡಿನ ಸ್ವಿಚ್ ಆರಸ್ತೀರೇನು?

ಪ್ರಶ್ನೆ ಕೇಳಿದವರು:
ಎಫ್1 ಖರೇ ಅದ, ದಿನಾ ಒತ್ತೇ ಮುಂದ ಹೋಗ್ತೀನಿ, ಹಂಗೇ ಇರ್ತದ ಅಂದ್ಕೊಂಡಿದ್ದೆ. ಸಿಡಿಲಿನ ಅಂಜಿಕಿಗಿ ರಾತ್ರಿ ಸ್ವಿಚ್ ಆರಸೋದೂ ಖರೇ. ತಾರೀಖು ನಾ ನೋಡೇ ಇದ್ದಿಲ್ಲ. ಮಗಳಿಗಿ ಕೇಳಿದ್ರ, "ಅಪ್ಪಾ, ಕ್ರೋಮ್ ತೆರೀಬೇಕಂದ್ರ ದಿನಾ ನಾನೇ ಟೈಮ್ ಸರಿ ಮಾಡ್ಕೋತೀನಿ" ಅಂದಳು. ಆಕಿ ಕಾಲೇಜಿಂದ ಬಂದು ಕೂಡೋದು ಮಧ್ಯಾಹ್ನದ ಮ್ಯಾಲ.

ಉತ್ತರ:
ಹಂಗಾದ್ರ ನಿಮ್ಮ ಮೇಲ್ ರಿಪೇರಿ ಮಾಡ್ಲತ್ತಾಕಿ ಮಗಳು! ಥಂಡರ್‌ಬರ್ಡಿಗಿ ಏನೂ ಆಗಿಲ್ಲ, ಮದರ್‌ಬೋರ್ಡಿನ ಸೆಲ್ ಸತ್ತದ.

ಮದರ್‌ಬೋರ್ಡಿಗಿ ಕರೆಂಟ್ ಇರೋತನಕ, ಕಂಪ್ಯೂಟರ್ ಬಂದ್ ಇದ್ರೂ, ಅದರ ಗಡಿಯಾರ ನಡೀತದ. ಸ್ವಿಚ್ ಆರಿಸಿದ ಮ್ಯಾಲ ಅದನ್ನ ನಡಸೋದು ಆ ರೂಪಾಯಿ ಬಿಲ್ಲಿ ಆಕಾರದ ಸೆಲ್. ಅದು ಸತ್ರ ತಾರೀಖು ಬಹಳ ಸಲ ಬೋರ್ಡ್ ತಯಾರಾದ ಕಾಲಕ್ಕ ಹೋಗ್ತದ, ನಿಮ್ಮದು 2016ಕ್ಕ ಹೋಗ್ಯಾದ. ಮೇಲ್ ಸರ್ವರಿನ ಸರ್ಟಿಫಿಕೇಟಿಗಿ, ಅಂದ್ರ ಸರ್ವರ್ ಖರೇದೋ ಅಲ್ಲೋ ಅಂತ ತೋರಸೋ ಗುರುತಿನ ಚೀಟಿಗಿ, ಇಂಥ ತಾರೀಖಿನಿಂದ ಇಂಥ ತಾರೀಖಿನತನಕ ಅಂತ ಅವಧಿ ಇರ್ತದ. 2016 ಅಂತ ತಿಳಕೊಂಡ ಕಂಪ್ಯೂಟರಿಗಿ ಅದು ಇನ್ನೂ ಚಾಲೂನೇ ಆಗದ ಸರ್ಟಿಫಿಕೇಟ್, ಅದಕ್ಕ ಒಪ್ಪಂಗಿಲ್ಲ. ಫೋನ್ ತನ್ನ ಟೈಮನ್ನ ನೆಟ್‌ವರ್ಕಿನಿಂದ ತಗೋತದ, ಅದಕ್ಕ ಅಲ್ಲಿ ತಕರಾರಿಲ್ಲ. ಚೆನ್ನೈ ಬಿಲ್ಲಿಂದೂ ಇದೇ ಕತಿ. ಮೇಲಿನ ಮ್ಯಾಲ ತಾರೀಖು ಬರಿಯೋದು ಕಳಿಸೋ ಕಂಪ್ಯೂಟರ್. ಆ ತಾರೀಖಿನ ಪ್ರಕಾರ ಜೋಡಸೋ ಪ್ರೋಗ್ರಾಂನಾಗ ನಿಮ್ಮ ಬಿಲ್ ತಳಕ್ಕ ಹೋಗ್ತದ.

ವಿಂಡೋಸ್ ತಾನೇ ಯಾಕ ಸರಿ ಮಾಡಂಗಿಲ್ಲ ಅಂತ ಕೇಳ್ತೀರಿ. ಮನಿ ಕಂಪ್ಯೂಟರಿನ್ಯಾಗ ಫರಕ್ 15 ತಾಸಿಗಿಂತ ಹೆಚ್ಚಾದ್ರ ಅದು ಬಹಳ ಸಲ ಕೈ ಬಿಡ್ತದ.

ಸೆಲ್ಲಿನ ಹೆಸರು ಸಿಆರ್2032, 3 ವೋಲ್ಟ್, ನೂರು ರೂಪಾಯಿ ಒಳಗ ಸಿಗ್ತದ. ವೈರ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಬಿಡ್ರಿ. ಕಂಪ್ಯೂಟರಿನ ಡಬ್ಬಿ ತೆರದು, ಹಳೇ ಸೆಲ್ ತಗದು, ಹೊಸದರ ಪ್ಲಸ್ ಬರದ ಮಗ್ಗಲು ಮ್ಯಾಲ ಮಾಡಿ ಕೂಡಸ್ರಿ. ಆಮ್ಯಾಲ ಬಯಾಸಿನ್ಯಾಗ (ವಿಂಡೋಸ್ ಚಾಲೂ ಆಗೋಕಿಂತ ಮೊದಲಿನ ಸೆಟ್ಟಿಂಗ್ ಪರದಿ) ತಾರೀಖು ಹಾಕಿ ಉಳಸ್ರಿ. ವಿಂಡೋಸಿನ್ಯಾಗ ಟೈಮ್ ಝೋನ್ 5:30ರದ್ದೇ ಅದನೋ ಅಂತನೂ ನೋಡ್ರಿ.

ಎಕ್ಸೆಪ್ಷನ್ ಒತ್ತೋದು ನನಗ ಸೇರಲಿಲ್ಲ. ಅದು ಆ ಒಂದೇ ಸರ್ಟಿಫಿಕೇಟಿಗಿ ಪರವಾನಗಿ, ಖರೇ. ಆದ್ರ ನೋಡದೆ ಒತ್ತೋ ರೂಢಿ ಬಿದ್ರ ಒಂದು ದಿನ ಖೊಟ್ಟಿ ಸರ್ವರಿಗಿ ನಿಮ್ಮ ಕೈಯಾರೆ ಪಾಸ್‌ವರ್ಡ್ ಕೊಟ್ಟಂಗ ಆಗ್ತದ. ಥಂಡರ್‌ಬರ್ಡಿನ ಸೆಟ್ಟಿಂಗ್ಸಿನ್ಯಾಗ ಪ್ರೈವಸಿ ಅಂಡ್ ಸೆಕ್ಯುರಿಟಿ, ಅಲ್ಲಿ ಮ್ಯಾನೇಜ್ ಸರ್ಟಿಫಿಕೇಟ್ಸ್, ಅದರಾಗ ಸರ್ವರ್ಸ್ ಅಂತ ಇರ್ತದ. ನಿಮ್ಮ ಮಿಲ್ಲಿನ ಹೆಸರು ಕಂಡ್ರ ಅಳಸ್ರಿ.

ಪ್ರಶ್ನೆ ಕೇಳಿದವರು:
ಸೆಲ್ ಹಾಕಿಸ್ದೆ, ಎಫ್1 ಬರವಲ್ದು, ಮೇಲ್ ಬಂದಾವ. ಫಾರ್ಮ್ಯಾಟಿನ ಮಾತು ಕೇಳಿ ಅಂಜಿ ಎಲ್ಲಾ ಪೆನ್ ಡ್ರೈವಿಗಿ ತಕ್ಕೊಳ್ಳೋಣ ಅಂದ್ರ, ಇನ್‌ಬಾಕ್ಸ್ ಫೈಲ್ ಒಂದೇ ಕಾಪಿ ಆಗವಲ್ದು. ಜಾಗ ಬೇಕಾದಷ್ಟು ಅದ.

ಉತ್ತರ:
ನಿಮ್ಮ ಪೆನ್ ಡ್ರೈವ್ ಫ್ಯಾಟ್32 ಅನ್ನೋ ಹಳೇ ನಮೂನಿದು ಇದ್ದೀತು, ಅದರಾಗ 4 ಜಿಬಿಗಿಂತ ದೊಡ್ಡ ಫೈಲ್ ಕೂಡಂಗಿಲ್ಲ. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಮೇಲೆಲ್ಲ ಒಂದೇ ಫೈಲಿನ್ಯಾಗ ತುಂಬ್ತದ. ಅಳಿಸಿದ ಮೇಲ್ ಸೈತ, ಕಾಂಪ್ಯಾಕ್ಟ್ (ಅಳಿಸಿದ್ದರ ಜಾಗ ಖಾಲಿ ಮಾಡೋದು) ಮಾಡೋತನಕ, ಅಲ್ಲೇ ಜಾಗ ಹಿಡದಿರ್ತಾವ. ಪೆನ್ ಡ್ರೈವ್ ಖಾಲಿ ಮಾಡಿ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡ್ರಿ (ಪೆನ್ ಡ್ರೈವ್ ಕಾಕಾ, ಕಂಪ್ಯೂಟರ್ ಅಲ್ಲ). ಥಂಡರ್‌ಬರ್ಡ್ ಪೂರ್ತಿ ಬಂದ್ ಮಾಡಿ, ಇನ್‌ಬಾಕ್ಸ್ ಅಷ್ಟೇ ಅಲ್ಲ, ನಿಮ್ಮ ಮೇಲು, ಸೆಟ್ಟಿಂಗ್ ಎಲ್ಲಾ ಇರೋ ಇಡೀ ಪ್ರೊಫೈಲ್ ಫೋಲ್ಡರ್ ಕಾಪಿ ಮಾಡ್ರಿ. ಹೆಲ್ಪ್ ಒಳಗ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ತೆರದ್ರ ಆ ಫೋಲ್ಡರಿಗಿ ದಾರಿ ಸಿಗ್ತದ.

ಆಂಟಿವೈರಸ್ಸಿಗೂ ಆ ಫೋಲ್ಡರ್ ಬಿಟ್ಟುಬಿಡು ಅಂತ ಹೇಳಿಡ್ರಿ. ಒಂದು ಕೆಟ್ಟ ಅಟ್ಯಾಚ್‌ಮೆಂಟ್ ಕಂಡ್ರ ಅದು ಇಡೀ ಇನ್‌ಬಾಕ್ಸ್ ಫೈಲನ್ನೇ ಎತ್ತಿ ಒಳಗ ಹಾಕಿದ್ದದ. ಕಾಂಪ್ಯಾಕ್ಟ್ ಮಾಡೋದು ಕಾಪಿ ಮುಗಿದ ಮ್ಯಾಲ, ಮೊದಲಲ್ಲ.