ಪ್ರಶ್ನೋತ್ತರ: ಗದ್ದೆಗೆ ಉಪ್ಪುನೀರು ನುಗ್ಗಿದೆ, ಪೈರು ಒಗ್ಗಿಕೊಳ್ಳುತ್ತದೆಯೇ? (ಕೇಳುವವರನ್ನು ಅವರ ಊರಿನ ಹೆಸರಿನಿಂದ ಗುರುತಿಸಿದೆ)

ಉದ್ಯಾವರ: ಸರ್, ಕಿಂಡಿ ಅಣೆಕಟ್ಟಿನ ಹಲಗೆಯ ಸಂದಿನಿಂದ ಉಪ್ಪುನೀರು ಬೈಲಿಗೆ ನುಗ್ಗಿದೆ. ಸುಗ್ಗಿ (ಮಳೆಗಾಲದ ನಂತರದ) ಬೆಳೆ, ಜ್ಯೋತಿ ತಳಿಯ ಭತ್ತ, ಹೊಡೆ ಕಟ್ಟಿದೆ (ತೆನೆ ಇನ್ನೂ ಒಳಗಿದೆ). ಎಲೆಯ ತುದಿ ಬೆಳ್ಳಗಾಗಿ ಸುರುಟುತ್ತಿದೆ. ಪೈರು ಒಗ್ಗಿಕೊಳ್ಳಬಹುದೇ?

ಮಣ್ಣು ತಜ್ಞ: ಸುರುಟಿದ್ದು ಬುಡದ ಎಲೆಯೋ, ಸುಳಿಯೋ?

ಉದ್ಯಾವರ: ಬುಡದ್ದು. ಸುಳಿ ಹಸಿರಾಗಿದೆ.

ತಜ್ಞ: ಹಾಗಾದರೆ ಗಿಡ ಇನ್ನೂ ಸೋತಿಲ್ಲ. ಉಪ್ಪು ಮೊದಲು ಬೇರು ನೀರೆಳೆಯದಂತೆ ಮಾಡುತ್ತದೆ. ನೀರು ನಿಂತ ಗದ್ದೆಯಲ್ಲೇ ಪೈರು ಬಾಯಾರುತ್ತದೆ. ಆಗ ಗಿಡ ಜೀವಕೋಶಗಳಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ, ಸಕ್ಕರೆ ಕೂಡಿಹಾಕಿ ನೀರೆಳೆಯಲು ನೋಡುತ್ತದೆ. ಮೇಲೇರಿದ ಸೋಡಿಯಂ ಅನ್ನು ಹಳೆಯ ಎಲೆಗಳಲ್ಲಿ ತುಂಬಿ ಸುಳಿಯನ್ನು ಉಳಿಸುತ್ತದೆ. ಉಪ್ಪು ದಿನಕ್ಕಿಷ್ಟು ಏರಿದರೆ ಈ ಸಿದ್ಧತೆಗೆ ಸಮಯವಿದೆ, ಒಂದೇ ಉಬ್ಬರಕ್ಕೆ ನುಗ್ಗಿದರೆ ಇಲ್ಲ. ನನ್ನ ಆತಂಕ ಪೈರಿನ ಹಂತದ್ದು. ತೆಂಡೆ (ಬುಡದ ಕವಲು) ಒಡೆಯುವಾಗ ಭತ್ತ ತಾಳಿಕೊಳ್ಳುತ್ತದೆ. ಎಳೆ ಸಸಿಯಾಗಿದ್ದಾಗ, ಹೂ ಬಿಡುವಾಗ ತಾಳುವುದಿಲ್ಲ. ಹುಲ್ಲು ಹಸಿರಾಗಿದ್ದೂ ಕಾಳು ಜೊಳ್ಳಾಗಬಹುದು. ಇಂದೇ ಸಂದಿಗೆ ಮಣ್ಣು ಮೆತ್ತಿಸಿ. ಇಳಿತದ ಹೊತ್ತಿಗೆ ನೀರು ಬಸಿದು ಸಿಹಿನೀರು ತುಂಬಿ, ಮತ್ತೆ ಬಸಿಯಿರಿ. ಗದ್ದೆ ಒಣಗಬಾರದು, ಒಣಗಿದಷ್ಟೂ ಉಪ್ಪಿನ ಕಾಟ ಹೆಚ್ಚು. ಮಣ್ಣಿನ ಲವಣಾಂಶ ಅಳೆಸಿ. ಅದು ಮೀಟರಿಗೆ 3 ಡೆಸಿಸೀಮನ್ಸ್ (ಲವಣಾಂಶದ ಅಳತೆ) ದಾಟಿದರೆ ಮುಂದಿನ ಒಂದೊಂದು ಡೆಸಿಸೀಮನ್ಸ್ ಏರಿಕೆಗೂ ಇಳುವರಿ ಸುಮಾರು ಶೇ 12 ಕುಸಿಯುತ್ತದೆ.

ಹೆಜಮಾಡಿ: ಜಿಪ್ಸಂ ಎರಚಿದರೆ ಉಪ್ಪು ಮಾಯ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ.

ತಜ್ಞ: ಜಿಪ್ಸಂ ಕ್ಷಾರ ಮಣ್ಣಿಗೆ. ನಮ್ಮದು ಹುಳಿ ಮಣ್ಣು, ಬಂದದ್ದು ಸಮುದ್ರದ ಉಪ್ಪು. ಅದನ್ನು ತೊಳೆಯಬೇಕು, ಅಷ್ಟೇ.

ಕಟಪಾಡಿ: ಬಾವಿ ನೀರು ಉಪ್ಪಾಗಿದೆ. ಮಲ್ಲಿಗೆ ಗಿಡಕ್ಕೆ ಏನು ಮಾಡಲಿ ಸರ್?

ಕೋಡಿ: ಅಜ್ಜ ತೆಂಗಿನ ಬುಡಕ್ಕೆ ಕಲ್ಲುಪ್ಪು ಹಾಕುತ್ತಿದ್ದರು. ಭತ್ತಕ್ಕೂ ಹಾಗೆಯೇ ಅಭ್ಯಾಸ ಮಾಡಿಸಬಹುದಲ್ಲ?

ತಜ್ಞ: ತೆಂಗಿಗೆ ಕ್ಲೋರಿನ್ ಬೇಕು. ಭತ್ತ ತೆಂಗಲ್ಲ.

ಕುಮಟಾ: ಉಪ್ಪು ತಾಳುವ ಕಗ್ಗ ಭತ್ತ ಬಿತ್ತಿದ್ದರೆ ಈ ಗೋಳೇ ಇರಲಿಲ್ಲ. ಹೆಚ್ಚು ಇಳುವರಿಯ ಆಸೆಗೆ ಬಿದ್ದರು.

ಉದ್ಯಾವರ: ಕಗ್ಗದ ಇಳುವರಿಯಲ್ಲಿ ನೀವು ಸಾಲ ತೀರಿಸಿ ತೋರಿಸಿ.

ಕುಮಟಾ: ಜೊಳ್ಳಿನಲ್ಲಿ ತೀರಿಸುತ್ತೀರಾ?

ತಜ್ಞ: ಇಬ್ಬರೂ ನಿಲ್ಲಿಸಿ. ಕಗ್ಗ ಗಜನಿಯ (ಹಿನ್ನೀರಿನ ಉಪ್ಪು ಗದ್ದೆಯ) ಮಳೆಗಾಲದ ಬೆಳೆ, ಸುಗ್ಗಿಯದಲ್ಲ. ಕಗ್ಗವಾಗಲಿ, ಕೇರಳದ ಪೊಕ್ಕಾಳಿಯಾಗಲಿ, ಉಪ್ಪು ತಾಳುವ ಗುಣ ಬೀಜದಲ್ಲೇ ಇದೆ. ಪೊಕ್ಕಾಳಿಯಲ್ಲಿ ಆ ವಂಶವಾಹಿ ಭಾಗಕ್ಕೆ ಸಾಲ್ಟಾಲ್ ಎಂಬ ಹೆಸರೂ ಇದೆ. ಜ್ಯೋತಿಗೆ ಅಭ್ಯಾಸ ಮಾಡಿಸಿ ಅದನ್ನು ತರಲಾಗದು.

ಹೆಜಮಾಡಿ: ಎಕರೆಗೆ ಜಿಪ್ಸಂ ಎಷ್ಟು ಕೆಜಿ ಸರ್?

ತಜ್ಞ: ಮೇಲೆ ಓದಿ.

ಹೆಜಮಾಡಿ: ಕೇಳಿದರೆ ಇಷ್ಟು ಸಿಡುಕುವುದೇಕೆ?

ತಜ್ಞ: ಉದ್ಯಾವರದವರೇ, ತೆನೆ ಹೊರಟಿದೆಯೇ?

ಉದ್ಯಾವರ: ಅಲ್ಲಲ್ಲಿ ಮಾತ್ರ. ಬಾವಿಯ ಪಂಪ್ ಹಾಕಿದ್ದೇನೆ.

ತಜ್ಞ: ಆ ನೀರನ್ನು ಬಾಯಿಗೆ ಹಾಕಿ ನೋಡಿದಿರಾ? ಉಪ್ಪೆನಿಸಿದರೆ ಪಂಪ್ ಈಗಲೇ ನಿಲ್ಲಿಸಿ.