‘ರಾಂಡ್ಯೂರ್’ ಅಂದರೆ ಬರೀ ದುಂಡುತನವಾ?

ಸರಸ್ವತಿಪುರಂ ಓದುಗಿ: ಅಮೆರಿಕದ ಕವಿ ವಾಲ್ಟ್ ವಿಟ್ಮನ್ ಅವರ ‘ಪ್ಯಾಸೇಜ್ ಟು ಇಂಡಿಯಾ’ ಕವನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೂಯೆಜ್ ಕಾಲುವೆ ತೆರೆದ ಹುರುಪಿನಲ್ಲಿ ಹುಟ್ಟಿ 1871ರಲ್ಲಿ ಅಚ್ಚಾದ ಕವನ ಅದು. ಅದರಲ್ಲಿ ಬಾನಿನಲ್ಲಿ ಈಜುವ ಭೂಮಿಯನ್ನು ಕವಿ ‘ರಾಂಡ್ಯೂರ್’ (rondure) ಎಂದು ಕರೆಯುತ್ತಾರೆ. ನಿಘಂಟಿನಲ್ಲಿ ‘ದುಂಡುತನ’ ಅಂತಿದೆ. ಭೂಮಿಯನ್ನು ‘ಓ ದುಂಡುತನವೇ’ ಅಂತ ಕರೆದರೆ ಕಿವಿಗೆ ಒಗ್ಗುವುದಿಲ್ಲ. ಈ ಪದ ಎಲ್ಲಿಂದ ಬಂತು, ಬಲ್ಲವರು ಹೇಳಿ.

ಮಂಡ್ಯ ಮೇಷ್ಟ್ರು: ಫ್ರೆಂಚಿನಿಂದ ಬಂತಮ್ಮ. ಅಲ್ಲಿ ‘ರೊಂದರ್’ ಅಂದರೆ ದುಂಡುತನ. 1600ರ ಸುಮಾರಿಗೆ ಇಂಗ್ಲಿಷಿಗೆ ದಾಟಿ ಬಾಲ ಬದಲಾಯಿಸಿಕೊಂಡಿತು. ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ರೊಟುಂಡಸ್’. ಇನ್ನೂ ಹಿಂದೆ ‘ರೋಟ’, ಅಂದರೆ ಗಾಲಿ. ಹಾಜರಿ ಕೂಗುವಾಗಿನ ‘ರೋಲ್’ ಕೂಡ ಅದೇ ಮನೆಯದು. ಮೊದಲು ಪುಟ್ಟ ಗಾಲಿ, ಆಮೇಲೆ ಸುರುಳಿ ಸುತ್ತಿದ ಕಾಗದ, ಆಮೇಲೆ ಅದರಲ್ಲಿ ಬರೆದ ಹೆಸರುಗಳ ಪಟ್ಟಿ.

ನಂಜುಮಳಿಗೆ ಕಿಟ್ಟಿ: ರೋಟ ನಮ್ಮ ‘ರಥ’ದಿಂದಲೇ ಹೋಗಿದ್ದು ಮೇಷ್ಟ್ರೇ. ಅದನ್ನು ಯಾಕೆ ಬಿಟ್ಟಿರಿ?

ಮಂಡ್ಯ ಮೇಷ್ಟ್ರು: ನಂಟು ನಿಜ ಕಿಟ್ಟಿ. ಆದರೆ ಅವು ಅಕ್ಕತಂಗಿಯರು, ತಾಯಿ ಮಗಳಲ್ಲ. ಲಿಥುವೇನಿಯಾದವರ ‘ರಾತಸ್’, ಜರ್ಮನ್ನರ ‘ರಾಟ್’ ಎರಡೂ ಗಾಲಿಯೇ. ಎಲ್ಲಕ್ಕೂ ಮೇಲೆ ಓಡು, ಉರುಳು ಎನ್ನುವ ಅರ್ಥದ ಒಂದು ಹಳೆಯ ಬೇರು ಇದೆ. ಸಂಸ್ಕೃತದಲ್ಲಿ ಆ ಹೆಸರು ಗಾಲಿ ಇರುವ ಬಂಡಿಗೆ ನಿಂತಿತು, ಅಷ್ಟೇ. ಚಾಮುಂಡಿ ಬೆಟ್ಟದ ತೇರು ನೋಡುವಾಗ ಈ ನಂಟು ನೆನಪಾದರೆ ನನಗೂ ಖುಷಿಯೇ. ಅದಕ್ಕಂತ ಇಲ್ಲದ ವಂಶಾವಳಿ ಬರೆಯಬಾರದು.

ಪಾಂಡವಪುರದವ: ಹಾಗಾದರೆ ರೌಂಡು, ದುಂಡು? ಒಂದೇ ಥರ ಕೇಳಿಸುತ್ತೆ ಅಲ್ವಾ?

ಮಂಡ್ಯ ಮೇಷ್ಟ್ರು: ಬೇರಿರುವುದು ‘ರೊಟ್’ನಲ್ಲಿ. ‘ಉಂಡ್’ ಬರೀ ಪ್ರತ್ಯಯ. ಫ್ರೆಂಚಿನ ಬಾಯಲ್ಲಿ ನಡುವಿನ ‘ಟ್’ ಸವೆದು ಹೋಗಿ ‘ರೌಂಡ್’ ಆಯಿತು. ನಿಮಗೆ ದುಂಡಿನಂತೆ ಕೇಳಿಸುವುದು ಆ ಬಾಲ ಮಾತ್ರ.

ಕುವೆಂಪುನಗರ ನಿವಾಸಿ: ಮೂಲ ಸರಿ, ಅರ್ಥಕ್ಕೆ ಬನ್ನಿ. ದುಂಡುತನಕ್ಕೆ ‘ರೊಟುಂಡಿಟಿ’ ಅನ್ನುವ ಪದ ಇರುವಾಗ ಇದು ಯಾಕೆ ಬೇಕಿತ್ತು?

ಗಂಜಾಂ ಹುಡುಗಿ: ಅದು ಡೊಳ್ಳುಹೊಟ್ಟೆಗೆ ಹೇಳುವ ಪದ ಸರ್. ಭೂಮಿಗೆ ಚೆನ್ನಾಗಿರಲ್ಲ.

ಕುವೆಂಪುನಗರ ನಿವಾಸಿ: ಈಗ ಹಾಗೆ ಜಾಸ್ತಿ ಬಳಸುತ್ತಾರೆ, ಒಪ್ಪುತ್ತೇನೆ. ಆದರೆ ಶೇಕ್ಸ್‌ಪಿಯರ್‌ನ ಲಿಯರ್ ದೊರೆ ಬಿರುಗಾಳಿಯಲ್ಲಿ ನಿಂತು, ಲೋಕದ ‘ರೊಟುಂಡಿಟಿ’ಯನ್ನು ಬಡಿದು ಚಪ್ಪಟೆ ಮಾಡು ಅಂತ ಸಿಡಿಲಿಗೇ ಹೇಳುತ್ತಾನೆ. ಅಲ್ಲಿ ಅದು ಭೂಮಿಯೇ.

ಗಂಜಾಂ ಹುಡುಗಿ: ಸರಿ ಸರ್. ಆದರೆ ಅದೇ ಕವಿ, 1609ರಲ್ಲಿ ಅಚ್ಚಾದ ಸಾನೆಟ್‌ಗಳ 21ನೆಯದರಲ್ಲಿ, ಅಪರೂಪದ್ದನ್ನೆಲ್ಲ ಆಕಾಶ ಸುತ್ತುವರಿದಿರುವ ಈ ದೊಡ್ಡ ದುಂಡಿಗೆ ‘ರಾಂಡ್ಯೂರ್’ ಅಂದಿದ್ದಾನೆ. ಲಿಯರ್‌ನ ಪದದಲ್ಲಿ ದಪ್ಪ ಇದೆ, ಬಡಿದರೆ ಚಪ್ಪಟೆಯಾಗುವ ಮುದ್ದೆಯ ಹಾಗೆ. ಇದರಲ್ಲಿ ಸುತ್ತುವರಿಯುವ ಗುಣ ಇದೆ. ನಮ್ಮೂರಿನ ಗುಂಬಜ್‌ನ ಮೇಲಿನ ಗುಮ್ಮಟವನ್ನು ದೂರದಿಂದ ನೋಡಿ. ಅಂಚು ಕಣ್ಣನ್ನು ಸುತ್ತ ಕರೆದುಕೊಂಡು ಹೋಗುತ್ತದೆ. ನನಗೆ ರಾಂಡ್ಯೂರ್ ಅಂದರೆ ಅದು.

ನಂಜುಮಳಿಗೆ ಕಿಟ್ಟಿ: ಸುಮ್ನೆ ‘ಗೋಳ’ ಅಂತ ಹಾಕಿಬಿಡಿ. ಎಲ್ಲರಿಗೂ ಅರ್ಥವಾಗುತ್ತದೆ.

ಸರಸ್ವತಿಪುರಂ ಓದುಗಿ: ಗೋಳ ಅಂದ ಕೂಡಲೇ ಶಾಲೆಯ ಮೇಜಿನ ಮೇಲಿನ ಗ್ಲೋಬು ಕಣ್ಣಿಗೆ ಬರುತ್ತದೆ ಕಿಟ್ಟಿಯವರೇ. ‘ಬಾನಲ್ಲಿ ಈಜುವ ತುಂಬುದುಂಡೇ’ ಅಂದರೆ ಹೇಗೆ? ಈಜುವುದಕ್ಕೆ ಒಂದು ಮೈ ಬೇಕು.

ಮಂಡ್ಯ ಮೇಷ್ಟ್ರು: ‘ದುಂಡುಮೈಯವಳೇ’ ಅನ್ನಮ್ಮ. ಇಳೆ ನಮ್ಮಲ್ಲಿ ಹೆಣ್ಣು.

ಗಂಜಾಂ ಹುಡುಗಿ: ಬೇಡ ಮೇಷ್ಟ್ರೇ, ಅದು ಮತ್ತೆ ಹೊಟ್ಟೆಯ ಕಡೆಗೇ ಹೋಯಿತು. ನನ್ನ ಮತ ತುಂಬುದುಂಡಿಗೆ.