ಮಂದ್ರ ಪಂಚಮವೊಂದೇ ಏಕೆ ಗುಂಯ್ಗುಡುತ್ತದೆ?

ವಿದ್ಯಾನಗರದ ಗಾಯಕ:
ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಉದ್ದ, ಅಗಲ, ಎತ್ತರ ಮೂರೂ ಹತ್ತಡಿ ಇರುವ ಕೋಣೆಯೊಂದನ್ನು ವಚನ ಗಾಯನದ ರೆಕಾರ್ಡಿಂಗಿಗೆಂದು ಅಣಿಗೊಳಿಸಿ, ಗೋಡೆಗಳಿಗೆಲ್ಲ ಒಂದಿಂಚಿನ ಫೋಮ್ ಅಂಟಿಸಿದ್ದೇನೆ. ಬಿಳಿ ಎರಡರಲ್ಲಿ (ಹಾರ್ಮೋನಿಯಂನ ಎರಡನೆಯ ಬಿಳಿ ಮನೆಯನ್ನು ಷಡ್ಜ, ಅಂದರೆ ‘ಸ’ ಮಾಡಿಕೊಂಡು) ಹಾಡುತ್ತ ಮಂದ್ರ ಪಂಚಮಕ್ಕೆ, ಅಂದರೆ ಕೆಳಗಿನ ಸಪ್ತಕದ ‘ಪ’ಕ್ಕೆ ಇಳಿದರೆ ಆ ಸ್ವರವೊಂದೇ ಉಬ್ಬಿ ಗುಂಯ್ಗುಡುತ್ತದೆ. ತಂಬೂರಿಯ ಜವಾರಿಯೋ, ಅಂದರೆ ತಂತಿಯ ಆ ಝೇಂಕಾರವೋ, ಮಂಕಾಗಿಬಿಟ್ಟಿದೆ. ಒಂದು ಗೋಡೆಯನ್ನು ಓರೆಯಾಗಿ ಕಟ್ಟಿಸಿದರೆ ಸರಿಹೋದೀತೇ?

ಗದಗಿನ ಧ್ವನಿಮುದ್ರಕ:
ಗೌಂಡಿಯನ್ನು ಕರೆಸುವ ಮೊದಲು ದಯವಿಟ್ಟು ಲೆಕ್ಕ ಹಾಕಿ ನೋಡಿ. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಅದು ಹೋಗಿ ಬರುವ ದಾರಿ ಆರು ಮೀಟರಿಗಿಂತ ತುಸು ಹೆಚ್ಚಾದ್ದರಿಂದ, ಸೆಕೆಂಡಿಗೆ ಸುಮಾರು 56 ಕಂಪನ, ಅಂದರೆ 56 ಹರ್ಟ್ಜ್‌ನಲ್ಲಿಯೂ ಅದರ ಇಮ್ಮಡಿಯಾದ 112ರಲ್ಲಿಯೂ ಕೋಣೆಯೇ ದನಿಗೂಡುತ್ತದೆ. ಬಿಳಿ ಎರಡರ ಷಡ್ಜ ಸುಮಾರು 147 ಹರ್ಟ್ಜ್, ಅದರ ಮಂದ್ರ ಪಂಚಮ 110. ಮೂರೂ ಅಳತೆ ಒಂದೇ ಆಗಿರುವುದರಿಂದ ಮೂರು ದಿಕ್ಕಿನ ಉಬ್ಬುಗಳೂ ನಿಮ್ಮ ಸ್ವರದ ಮೇಲೆಯೇ ಬಂದು ಕೂತಿವೆ. ಆ ಸ್ವರದ ಅಲೆಯ ಉದ್ದ ಸುಮಾರು ಮೂರು ಮೀಟರ್. ಒಂದಿಂಚಿನ ಫೋಮ್ ಅದಕ್ಕೆ ಯಾವ ಲೆಕ್ಕ? ಅದು ನುಂಗುವುದು ಮೇಲಿನ ಕಂಪನಗಳನ್ನು, ಅಂದರೆ ನಿಮ್ಮ ಜವಾರಿಯನ್ನೇ.

ಧಾರವಾಡದ ಹೆಂಚಿನ ಮನೆ:
ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಓರೆ ಗೋಡೆಯ ಮಾತನ್ನು ಕೈಬಿಡಬೇಡಿ. ಎದುರುಬದುರಾದ ನುಣ್ಣನೆಯ ಗೋಡೆಗಳ ನಡುವೆ ಚಪ್ಪಾಳೆ ತಟ್ಟಿದಾಗ ಕೇಳುವ ಟರ್ರೆಂಬ ಸದ್ದನ್ನು ಅದು ಫೋಮ್ ಇಲ್ಲದೆಯೇ ತಡೆಯುತ್ತದೆ. ನಮ್ಮ ಹಳೆಯ ಪಡಸಾಲೆಯಲ್ಲಿ ತೊಲೆ, ಜಂತಿ, ಗೋಡೆಯ ಗೂಡುಗಳೇ ಶಬ್ದವನ್ನು ಚದುರಿಸುವುದರಿಂದ ತಂಬೂರಿ ತುಂಬಿ ಕೇಳುತ್ತದೆ. ಹಾಡುವವರಿಗೆ ತಮ್ಮ ದನಿ ತಮಗೆ ಮರಳಿ ಬರಬೇಕು. ಸತ್ತ ಕೋಣೆಯಲ್ಲಿ ಆಲಾಪ ಬೆಳೆಯುವುದಿಲ್ಲ.

ಗದಗಿನ ಧ್ವನಿಮುದ್ರಕ:
ಆ ಮಾತು ನಿಜ, ಅದಕ್ಕೆಂದೇ ಅರ್ಧ ಫೋಮ್ ತೆಗೆಯಿರಿ ಎನ್ನುತ್ತೇನೆ. ಆದರೆ ಓರೆಯಾಗಿಸಿದರೆ ಕೆಳಗಿನ ಉಬ್ಬು ತುಸು ಸರಿಯುತ್ತದೆಯೇ ಹೊರತು ಹೋಗುವುದಿಲ್ಲ. ನೀವು ಕೋಣೆಯ ನಟ್ಟನಡುವೆ ಕೂತು ಹಾಡುತ್ತಿದ್ದೀರಾ? 112 ಹರ್ಟ್ಜ್‌ನ ಒತ್ತಡ ಗೋಡೆಯ ಬಳಿ ಮತ್ತು ನಡುವೆ ಹೆಚ್ಚು. ಗೋಡೆಯಿಂದ ಎರಡೂವರೆ ಅಡಿಯಲ್ಲಿ ಅತಿ ಕಡಿಮೆ. ಮೈಕನ್ನೂ ಆಸನವನ್ನೂ ಅತ್ತ ಸರಿಸಿ, ಮೂಲೆಗಳಿಗೆ ದಪ್ಪನೆಯ ಹತ್ತಿಯ ಗಾದಿಗಳನ್ನು ಹಿಂದೆ ಜಾಗ ಬಿಟ್ಟು ಅಡ್ಡಲಾಗಿ ನಿಲ್ಲಿಸಿ.

ವಿದ್ಯಾನಗರದ ಗಾಯಕ:
ಹೌದು, ನಟ್ಟನಡುವೆಯೇ ಕೂರುತ್ತಿದ್ದೆ. ಇಂದು ಗೋಡೆಯಿಂದ ಮೂರಡಿಗೆ ಸರಿದು, ಎರಡು ಮೂಲೆಗಳಲ್ಲಿ ಗಾದಿ ನಿಲ್ಲಿಸಿ ಹಾಡಿದೆ. ಪಂಚಮ ಇನ್ನೂ ತುಸು ಉಬ್ಬಿದ್ದರೂ ಷಡ್ಜದ ಜೊತೆ ಹೊಂದಿ ಕೂರುತ್ತಿದೆ. ನಾಳೆ ಎದುರಿನ ಗೋಡೆಯ ಫೋಮ್ ಕಿತ್ತು, ತಂಬೂರಿಯನ್ನು ಮತ್ತೆ ಕೇಳಿ ನೋಡುತ್ತೇನೆ.